ಒಂದೇ ಸಲ ಕೇಳುವ ಊರು

ಫ್ರಾನ್ಸಿನ ಬೋರ್ಡೋ ಊರಿಗೆ ನಾನು ಬಂದಿಳಿದ ಸಂಜೆ, ಮನೆಯೊಡತಿ ಮದಾಮ್ ಓದೆಟ್ ನನ್ನ ಎದುರಿಗೇ ಕೂತು ಒಂದು ಪೂರ್ತಿ ಊಟ ಮುಗಿಸಿದರು. ನಾನು ಕೈ ಕಟ್ಟಿಕೊಂಡು ನೋಡುತ್ತಾ ಕೂತಿದ್ದೆ. ಮತ್ತೋಡಿನಿಂದ ಹೊಸದುರ್ಗ, ಅಲ್ಲಿಂದ ಬೆಂಗಳೂರು, ಆಮೇಲೆ ಎರಡು ವಿಮಾನ, ಒಂದು ರೈಲು. ಹೊಟ್ಟೆಯಲ್ಲಿ ವಿಮಾನದವರು ಕೊಟ್ಟ ಒಣ ಬನ್ನು ಬಿಟ್ಟರೆ ಏನೂ ಇರಲಿಲ್ಲ. ಅವರು ಪಾತ್ರೆಯ ಮುಚ್ಚಳ ತೆಗೆದಾಗ ಬೆಂದ ಚನ್ನಂಗಿ ಬೇಳೆಯ ವಾಸನೆ ಅಡುಗೆಮನೆ ತುಂಬ ಹರಡಿತು. 'ಊಟ ಮಾಡುತ್ತೀಯಾ?' ಎಂದು ಕೇಳಿದರು. 'ಬೇಡ, ಬೇಡ, ಪರವಾಗಿಲ್ಲ' ಎಂದೆ. 'ಸರಿ' ಎಂದು ತಟ್ಟೆ ಒಂದನ್ನೇ ಇಟ್ಟುಕೊಂಡರು.

ಕೆಟ್ಟವರಲ್ಲ. ಊಟ ಮಾಡುತ್ತಲೇ ನನ್ನ ಊರಿನ ಬಗ್ಗೆ ಕೇಳಿದರು, ನಮ್ಮ ಕುರಿಗಳ ಬಗ್ಗೆ ಕೇಳಿದರು, ನಕ್ಕರು. ಕೊನೆಗೆ ಬ್ರೆಡ್ಡಿನ ತುಂಡಿನಿಂದ ತಟ್ಟೆ ಒರೆಸಿ ಅದನ್ನೂ ಬಾಯಿಗೆ ಹಾಕಿಕೊಂಡರು. ಅವರು ಇನ್ನೊಮ್ಮೆ ಕೇಳುತ್ತಾರೆ ಎಂದು ನಾನು ಕೊನೆಯ ತುತ್ತಿನವರೆಗೂ ಕಾದೆ. ಆಮೇಲೆ ಮಹಡಿಯ ಕೋಣೆಗೆ ಹೋಗಿ, ಅವ್ವ ಕಟ್ಟಿಕೊಟ್ಟಿದ್ದ ಚಟ್ನಿಪುಡಿಯನ್ನು ಬರಿಗೈಯಲ್ಲಿ ತಿಂದು ನೀರು ಕುಡಿದು ಮಲಗಿದೆ. ಸಿಟ್ಟಿಗೆ ನಿದ್ದೆ ಬರಲಿಲ್ಲ.

ಇದನ್ನು ಓದುವ ನಮ್ಮ ಕಡೆಯವರಿಗೆ ನನ್ನ ಸಿಟ್ಟು ತಟ್ಟನೆ ಅರ್ಥವಾಗುತ್ತದೆ. ಹೊಸದುರ್ಗ ಸೀಮೆಯಲ್ಲಿ ಯಾರ ಮನೆಗೆ ಹೋದರೂ ಮೊದಲನೆಯ 'ಉಣ್ಣು'ಗೆ 'ಬೇಡ' ಅನ್ನಬೇಕು. ಎರಡನೆಯದಕ್ಕೆ 'ಈಗ ತಾನೇ ಉಂಡು ಬಂದೆ' ಅನ್ನಬೇಕು. ಮೂರನೆಯ ಸಲ ಮನೆಯಾಕೆ ತೋಳು ಹಿಡಿದು ಕೂರಿಸಿದ ಮೇಲೆ 'ನಿಮ್ಮ ಮಾತಿಗೆ ಸ್ವಲ್ಪ' ಎಂದು ಮುದ್ದೆ ಮುರಿಯಬೇಕು. ಬಾಗೂರಿನ ಚಿಕ್ಕಮ್ಮ ಮೂರಕ್ಕೂ ನಿಲ್ಲುವುದಿಲ್ಲ. 'ನಮ್ಮನೇಲಿ ಉಂಡ್ರೆ ನಿಂಗೇನು ಕಮ್ಮಿ ಆಗತೈತೆ, ಕುಂತ್ಕಳವ್ವ' ಎಂದು ಮುಖ ಊದಿಸಿಕೊಂಡು ಬಡಿಸುತ್ತಾಳೆ. ಒಂದೇ ಸಲ ಕೇಳಿ ಸುಮ್ಮನಾಗುವವರನ್ನು ನಮ್ಮಲ್ಲಿ 'ಬಾಯಿಮಾತಿಗೆ ಕರೆದರು' ಅನ್ನುತ್ತಾರೆ. ಅಂಥವರ ಮನೆಗೆ ಮತ್ತೆ ಕಾಲಿಡುವುದಿಲ್ಲ.

ಅಂಥವರ ಮನೆಯಲ್ಲೇ ನಾನು ಬಾಡಿಗೆಗಿದ್ದೆ. ಊರಿಗೆ ಊರೇ ಅಂಥದ್ದು.

ಊಟದ ವಿಷಯದಲ್ಲಿ ಬೇಗ ಕಲಿತೆ, ಹಸಿವು ಕಲಿಸಿತು. ನಾಲ್ಕನೆಯ ಸಂಜೆ ಓದೆಟ್ ಮುಚ್ಚಳಕ್ಕೆ ಕೈ ಹಾಕುವಷ್ಟರಲ್ಲೇ 'ಹೌದು, ಊಟ ಮಾಡುತ್ತೇನೆ' ಎಂದುಬಿಟ್ಟೆ. ಅವರು ಖುಷಿಯಿಂದ ಬಡಿಸಿದರು. ನನಗೆ ಮಾತ್ರ ಯಾರದೋ ತಟ್ಟೆಗೆ ಕೈ ಹಾಕಿದ ಹಾಗೆ ನಾಚಿಕೆಯಾಯಿತು. ಬೇಳೆಗೆ ಖಾರವೇ ಇರಲಿಲ್ಲ. ನನ್ನ ಚಟ್ನಿಪುಡಿಯನ್ನು ಅವರ ಮುಂದಿಟ್ಟು ಹಾಕಿಕೊಳ್ಳಿ ಎಂದೆ, ಬೇಡ ಎಂದರು. ಹಾಕಿಕೊಳ್ಳಿ ಎಂದೆ, ಬೇಡ ಎಂದರು. ಮೂರನೆಯ ಸಲ ಚಮಚದಲ್ಲಿ ಎತ್ತಿ ತಟ್ಟೆಯ ಹತ್ತಿರ ಹಿಡಿದಾಗ ಅವರ ಮುಖ ಬಿಗಿಯಿತು. 'ಬೇಡ ಎಂದು ಹೇಳಿದೆನಲ್ಲ' ಎಂದರು. ಚಮಚ ಹಿಂದಕ್ಕೆ ತಗೊಂಡೆ.

ಉಳಿದದ್ದೂ ಒಂದೊಂದಾಗಿ ಒಗ್ಗಿತು. ಪರದೇಶದವರಿಗೆ ಇರಲು ಅನುಮತಿ ಕೊಡುವ ಕಚೇರಿಗೆ ಇಲ್ಲಿ ಪ್ರೆಫೆಕ್ಚರ್ ಎನ್ನುತ್ತಾರೆ. ನಮ್ಮ ತಾಲ್ಲೂಕು ಕಚೇರಿಯಂಥದ್ದೇ, ಬಾಗಿಲಲ್ಲಿ ಅರ್ಜಿ ಬರೆದುಕೊಡುವವರಿಲ್ಲ ಅಷ್ಟೆ. ನಮ್ಮಲ್ಲಿ ಗುಮಾಸ್ತ 'ನಾಳೆ ಬರ್ರಿ' ಅಂದರೆ ಅಲ್ಲೇ ನಿಂತು ಇನ್ನೊಂದು ಮಾತಾಡಿದರೆ ಕೆಲಸ ಆಗುತ್ತದೆ. ಇಲ್ಲಿ ಕಿಟಕಿಯ ಹಿಂದಿನ ಹೆಂಗಸು ಆಗುವುದಿಲ್ಲ ಎಂದರೆ ಆಗುವುದಿಲ್ಲ. ಅವಳ ಮುಂದೆ ಕಣ್ಣೀರು ಬಂದರೆ ಕಾಗದದ ಕರವಸ್ತ್ರ ಕೊಡುತ್ತಾಳೆ, ಮುಂದಿನವರನ್ನು ಕರೆಯುತ್ತಾಳೆ. ಬ್ರೆಡ್ ಅಂಗಡಿಯಲ್ಲಿ ಮೊದಲು ನಮಸ್ಕಾರ ಹೇಳದೆ ಬ್ರೆಡ್ ಕೇಳಿದರೆ ಕೇಳಿಸಲೇ ಇಲ್ಲ ಎಂಬಂತೆ ಇರುತ್ತಾರೆ. 'ಬೊಂಜೂರ್' ಎಂದು ನಾನು ಸರಿಯಾಗಿ ಅಂದು, ಅಂಗಡಿಯಾಕೆ ತಿರುಗಿ ನಕ್ಕ ದಿನ, ಆ ಉದ್ದನೆಯ ಬ್ರೆಡ್ಡನ್ನು ಕಂಕುಳಲ್ಲಿ ಇಟ್ಟುಕೊಂಡು ನದಿ ದಂಡೆಯಲ್ಲಿ ಒಬ್ಬಳೇ ಬೀಗುತ್ತಾ ನಡೆದೆ. ಹಂಚಿಕೊಳ್ಳಲು ಯಾರೂ ಇರಲಿಲ್ಲ. ಅರ್ಧ ನಾನೇ ತಿಂದೆ, ಅರ್ಧ ಹಕ್ಕಿಗೆ ಹಾಕಿದೆ.

ನಾನು ಇಲ್ಲಿಗೆ ಬಂದದ್ದು ಓದಲು. ಚಿತ್ರದುರ್ಗದಲ್ಲಿ ಇಂಜಿನಿಯರಿಂಗ್ ಮುಗಿಸಿ, ವಿದ್ಯಾರ್ಥಿವೇತನದ ಮೇಲೆ ದ್ರವಗಳ ಚಲನೆಯ ವಿಷಯದಲ್ಲಿ ಮಾಸ್ಟರ್ಸ್‌ಗೆ ಸೇರಿದ್ದೆ. ಈ ಊರಿನ ವಿಮಾನ ನಿಲ್ದಾಣದಿಂದ ಒಂದು ವಿಶೇಷ ವಿಮಾನ ಹಾರುತ್ತದೆ. ಅದು ಮೇಲಕ್ಕೆ ಕಡಿದಾಗಿ ಏರಿ, ಎಸೆದ ಕಲ್ಲಿನ ಹಾಗೆ ಬಾಗಿ ಕೆಳಕ್ಕೆ ಬರುತ್ತದೆ. ಹಾಗೆ ಬಾಗುವ ಇಪ್ಪತ್ತು ಸೆಕೆಂಡಿನಷ್ಟು ಹೊತ್ತು ಒಳಗಿನ ಮನುಷ್ಯರಿಗೂ ವಸ್ತುಗಳಿಗೂ ತೂಕ ಇಲ್ಲದಂತಾಗಿ ಎಲ್ಲ ತೇಲುತ್ತವೆ. ಹೊಸದುರ್ಗದ ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತವರಿಗೆ ರಸ್ತೆ ಉಬ್ಬಿನಲ್ಲಿ ಒಂದು ಕ್ಷಣ ಹೊಟ್ಟೆ ಹಗುರಾಗುತ್ತದಲ್ಲ, ಅದನ್ನೇ ಎಳೆದು ಉದ್ದ ಮಾಡಿದ ಹಾಗೆ. ಮತ್ತೆ ಏರುತ್ತದೆ, ಮತ್ತೆ ಬಾಗುತ್ತದೆ, ಹೀಗೆ ಎಷ್ಟೋ ಸಲ. ವಿದ್ಯಾರ್ಥಿಗಳು ಒಳ್ಳೆಯ ಪ್ರಯೋಗ ರೂಪಿಸಿ ಕಳಿಸಿದರೆ, ಆಯ್ಕೆಯಾದ ತಂಡಕ್ಕೆ ಆ ವಿಮಾನದಲ್ಲಿ ಜಾಗ ಕೊಡುತ್ತಾರೆ.

ನಾವು ನಾಲ್ವರು. ತಂಡದ ಮುಖಂಡ ಕ್ಲೆಮಾನ್. ಅಲ್ಜೀರಿಯಾದಿಂದ ಬಂದು ನೆಲೆಸಿದ ಮನೆತನದ ಹುಡುಗಿ ಇನೆಸ್. ಇಟಲಿಯ ಲೂಕಾ. ಮತ್ತೆ ನಾನು, ಭಾಗ್ಯ. ತೂಕವಿಲ್ಲದ ಕಡೆ ಗಿಡಕ್ಕೆ ನೀರು ಹಾಕುವುದು ಹೇಗೆ ಎಂಬುದು ನಮ್ಮ ಪ್ರಶ್ನೆ. ಸುರಿದರೆ ನೀರು ಬೇರಿಗೆ ಇಳಿಯುವುದಿಲ್ಲ, ಉಂಡೆಯಾಗಿ ತೇಲುತ್ತದೆ. ದೀಪದ ಬತ್ತಿ ಎಣ್ಣೆ ಎಳೆಯುವ ಹಾಗೆ ನೂಲಿನಿಂದ ನೀರು ಎಳೆಸಬಹುದಲ್ಲ ಎಂದು ನಾನು ಹೇಳಿದೆ. ಹತ್ತಿ, ನೈಲಾನ್, ಜೊತೆಗೆ ಉಣ್ಣೆಯನ್ನೂ ಪರೀಕ್ಷಿಸೋಣ ಎಂದೆ. ಉಣ್ಣೆ ಕೇಳಿ ಫೋನ್ ಮಾಡಿದ್ದು ಮತ್ತೋಡಿನ ನಮ್ಮ ಹಟ್ಟಿಗೆ.

ಅವ್ವ ಕುರಿ ಮೈಯಿಂದ ಕತ್ತರಿಸಿದ ತುಪ್ಪಟವನ್ನು ತೊಳೆದು, ಹಿಂಜಿ, ರಾಟೆಯಲ್ಲಿ ನೂತು, ಮೂರು ದಪ್ಪದ ನೂಲಿನ ಲಡಿಗಳನ್ನು ಪಾರ್ಸೆಲ್ ಕಳಿಸಿದಳು.

'ವಿಮಾನದಾಗೆ ಕಂಬಳಿ ನೇಯ್ತೀರಾ?' ಎಂದು ಕೇಳಿದಳು.

'ಇಲ್ಲವ್ವ, ನೂಲಿನಾಗೆ ನೀರು ಎಷ್ಟು ದೂರ ಹತ್ತತೈತೆ ಅಂತ ನೋಡ್ತೀವಿ.'

'ಅಷ್ಟೇನಾ? ಅದ್ಕೆ ವಿಮಾನ ಯಾಕೆ ಬೇಕು. ನೀನೂ ಹತ್ತೀಯಾ ಅದ್ರಾಗೆ?'

'ಹತ್ತದೇ ಇರ್ತೀನಾ. ನೂಲು ನಮ್ದು.'

ಪ್ರಯೋಗದ ಪೆಟ್ಟಿಗೆ ಕಟ್ಟಿದ್ದು ನಾನು. ಗಾಜಿನ ಕೊಳವೆಗಳಿಗೆ ನೂಲು ಏರಿಸಿದ್ದು, ನೀರು ಸೋರದಂತೆ ಮುಚ್ಚಳ ಕೂರಿಸಿದ್ದು, ಕ್ಯಾಮೆರಾ ಹೊಂದಿಸಿದ್ದು ನಾನು. ಉಳಿದವರು ಕೆಲಸ ಮಾಡಲಿಲ್ಲ ಎನ್ನುವುದಿಲ್ಲ. ಆದರೆ ಆ ಪೆಟ್ಟಿಗೆಯ ಒಂದೊಂದು ತಿರುಪೂ ನನ್ನ ಬೆರಳಿಗೆ ಗೊತ್ತಿತ್ತು. ನಮ್ಮ ಪ್ರಯೋಗ ಆಯ್ಕೆಯಾಯಿತು. ಸೀಟು ಮೂರೇ, ಒಬ್ಬರು ನೆಲದ ಮೇಲೆ ಇರಬೇಕು.

ಆ ದಿನದ ಸಭೆಯನ್ನು ನೆನೆದರೆ ಇವತ್ತಿಗೂ ಕಿವಿ ಬಿಸಿಯಾಗುತ್ತದೆ. ದುಂಡು ಮೇಜು, ನಾಲ್ಕು ಕಾಫಿ. ಕ್ಲೆಮಾನ್ ಮೊದಲು ನನ್ನ ಕಡೆ ತಿರುಗಿದ. ಮೊದಲು ನನ್ನನ್ನೇ ಕೇಳಿದ ಎಂಬುದನ್ನು ಮರೆಯುವಂತಿಲ್ಲ.

'ಭಾಗ್ಯ, ನಿನಗೆ ಹಾರಲು ಇಷ್ಟ ಇದೆಯಾ?'

ಇಷ್ಟ ಇಲ್ಲದೆ ಏನು. ಬಾಯಿಂದ ಬಂದ ಮಾತು ಇದು: 'ನನ್ನದೇನಿಲ್ಲ, ಬೇರೆಯವರು ಹೋಗಲಿ. ನಾನು ಕೆಳಗಿದ್ದರೂ ನಡೆಯುತ್ತದೆ.'

'ತುಂಬ ಒಳ್ಳೆಯ ಮನಸ್ಸು ನಿನ್ನದು, ಧನ್ಯವಾದ' ಎಂದ. 'ಹಾಗಾದರೆ ನಾನು, ಇನೆಸ್, ಲೂಕಾ.' ಆಮೇಲೆ ಮಾತು ವೈದ್ಯಕೀಯ ಪರೀಕ್ಷೆಯ ಕಡೆ ಹೋಯಿತು.

ನಾನು ಕಾಯುತ್ತಿದ್ದೆ. ಛೆ ಛೆ, ಹಾಗಂದರೆ ಹೇಗೆ, ಪೆಟ್ಟಿಗೆ ನಿನ್ನದು, ನೂಲು ನಿನ್ನ ತಾಯಿಯದು ಎಂದು ಯಾರಾದರೂ ಒಬ್ಬರು ಅನ್ನುತ್ತಾರೆ ಎಂದು ಕಾಯುತ್ತಿದ್ದೆ. ಲೂಕಾ ತನ್ನ ಕಾಫಿಗೆ ಸಕ್ಕರೆ ಕಲಕುತ್ತಿದ್ದ. ಇನೆಸ್ ನನ್ನನ್ನು ಒಂದು ಕ್ಷಣ ನೋಡಿ ಕಣ್ಣು ಕೆಳಗೆ ಮಾಡಿದಳು. ಊಟಕ್ಕೆ 'ಹೌದು' ಅನ್ನಲು ಕಲಿತಿದ್ದ ನನ್ನ ನಾಲಿಗೆ, ದೊಡ್ಡ ವಿಷಯ ಬಂದ ಕೂಡಲೇ ಹಟ್ಟಿಯ ದಾರಿಯನ್ನೇ ಹಿಡಿದಿತ್ತು.

ಮರುವಾರ ನಾಚಿಕೆ ಬಿಟ್ಟು ಕ್ಲೆಮಾನ್‌ನನ್ನು ಹುಡುಕಿಕೊಂಡು ಹೋಗಿ ನನಗೂ ಹಾರಬೇಕಿತ್ತು ಎಂದೆ. ಅವನಿಗೆ ಅರ್ಥವೇ ಆಗಲಿಲ್ಲ. 'ಹೆಸರು ಕಳಿಸಿ ಆಯಿತಲ್ಲ. ಅವತ್ತೇ ಯಾಕೆ ಹೇಳಲಿಲ್ಲ?' ಎಂದ.

ಹಾರುವ ದಿನ ಮೂವರೂ ನೀಲಿ ಉಡುಪು ತೊಟ್ಟು ಮೆಟ್ಟಿಲು ಹತ್ತಿದರು. ಹೊಟ್ಟೆ ತೊಳಸದಿರಲಿ ಎಂದು ಚುಚ್ಚುಮದ್ದು ಹಾಕಿಸಿಕೊಂಡಿದ್ದರು, ಮದುವೆ ಮನೆಯವರ ಹಾಗೆ ನಗುತ್ತಿದ್ದರು. ಪೆಟ್ಟಿಗೆ ಹಿಂದಿನ ದಿನವೇ ಒಳಗೆ ಹೋಗಿತ್ತು. ನಾನು ಬೇಲಿಯ ಈಚೆ ನಿಂತೆ. ವಿಮಾನ ಸಮುದ್ರದ ಕಡೆ ಹೋಯಿತು. ಅವ್ವ ನೂತ ನೂಲು ಹಾರಿತು, ನಾನು ಹಾರಲಿಲ್ಲ. ಅಲ್ಲಿ ನಿಂತು ನಾನು ಕನ್ನಡದಲ್ಲಿ, ಕುರಿ ತಪ್ಪಿಸಿಕೊಂಡಾಗ ನಮ್ಮ ಕಡೆಯ ಗಂಡಸರು ಬಯ್ಯುವ ಮಾತುಗಳನ್ನೆಲ್ಲ ಬಯ್ದೆ. ಪಕ್ಕದಲ್ಲಿದ್ದ ಕಾವಲುಗಾರ ನಾನು ಪ್ರಾರ್ಥನೆ ಮಾಡುತ್ತಿದ್ದೇನೆ ಎಂದುಕೊಂಡು ಟೊಪ್ಪಿಗೆ ತೆಗೆದ.

ಪ್ರಯೋಗ ಚೆನ್ನಾಗಿ ಬಂತು. ನೆಲದ ಮೇಲೆ ಒಂದು ಎತ್ತರಕ್ಕೆ ಬಂದು ನಿಂತುಬಿಡುತ್ತಿದ್ದ ನೀರು, ತೂಕವಿಲ್ಲದಾಗ ನಿಲ್ಲದೆ ನೂಲಿನ ತುದಿಯವರೆಗೂ ಹರಿದಿತ್ತು. ಅವತ್ತು ಸಂಜೆ ಅಪೆರೋ ಇಟ್ಟುಕೊಂಡರು. ಅಪೆರೋ ಎಂದರೆ ಊಟಕ್ಕೆ ಮೊದಲು ನಾಲ್ಕು ಜನ ಸೇರಿ ಕುಡಿಯುತ್ತ, ಏನಾದರೂ ಬಾಯಾಡಿಸುತ್ತ ಹರಟುವುದು. ಲೂಕಾ ತಾನು ತಲೆಕೆಳಗಾಗಿ ತೇಲಿದ್ದನ್ನು ಕೈಯಲ್ಲಿ ಮಾಡಿ ತೋರಿಸುತ್ತಿದ್ದ. ಆಗ ನನ್ನ ತಾಳ್ಮೆ ಕೆಟ್ಟಿತು.

'ಒಂದೇ ಸಲ ಕೇಳಿದೆಯಲ್ಲ' ಎಂದೆ ಕ್ಲೆಮಾನ್‌ಗೆ. 'ಇನ್ನೊಂದು ಸಲ ಕೇಳಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು?'

ಅವನು ಗ್ಲಾಸು ಕೆಳಗಿಟ್ಟ. 'ನೀನು ಬೇಡ ಎಂದೆ. ಬೇಡ ಎಂದವಳನ್ನು ಮತ್ತೆ ಕೇಳಿದರೆ ನಿನ್ನ ಮಾತಿಗೆ ಬೆಲೆ ಕೊಡಲಿಲ್ಲ ಎಂದಾಗುವುದಿಲ್ಲವೇ? ನನ್ನ ತಂಗಿಯನ್ನು ಯಾರಾದರೂ ಹಾಗೆ ಕೇಳಿದರೆ ನನಗೆ ಕೋಪ ಬರುತ್ತದೆ.'

ಅವನು ಹೇಳಿದ್ದರಲ್ಲಿ ತಪ್ಪು ಹುಡುಕಿದೆ, ಸಿಗಲಿಲ್ಲ. ಅದರಿಂದ ಸಿಟ್ಟು ಇನ್ನೂ ಹೆಚ್ಚಾಯಿತು.

ಹೊರಗೆ ಬಂದಾಗ ಇನೆಸ್ ಹಿಂದೆಯೇ ಬಂದಳು. 'ನನ್ನ ಅಜ್ಜಿಯೂ ಹಾಗೇ' ಎಂದಳು. 'ಮೂರು ಸಲ ಬೇಡ ಎನ್ನುತ್ತಾಳೆ. ಅವತ್ತು ನೀನು ಹೇಳಿದ್ದು ಯಾವ ಬೇಡ ಎಂದು ನನಗೆ ಗೊತ್ತಾಗಿತ್ತು.'

'ಗೊತ್ತಿದ್ದೂ ಸುಮ್ಮನಿದ್ದೆಯಾ?'

'ಸೀಟು ಮೂರೇ ಇತ್ತು, ಭಾಗ್ಯ.'

ಅವಳೊಂದಿಗೆ ಬಹಳ ದಿನ ಮಾತು ಬಿಟ್ಟೆ. ಕ್ಲೆಮಾನ್‌ಗೆ ತಿಳಿದಿರಲಿಲ್ಲ, ಅವನನ್ನು ಬಿಡಬಹುದು. ತಿಳಿದವಳನ್ನು ಹೇಗೆ ಬಿಡುವುದು? ಆದರೆ ಆ ಸಿಟ್ಟಿಗೂ ಕೊನೆಗೆ ನಮ್ಮ ಹಟ್ಟಿಯ ದಾರಿಯೇ ಸಿಕ್ಕಿತು. ನಮ್ಮಣ್ಣ ರಂಗನಾಥನಿಗೆ ಈ 'ಬೇಡ' ಎಂಬ ವಿದ್ಯೆಯನ್ನು ಯಾರೂ ಕಲಿಸಲಿಲ್ಲ. ಅವನು ತಟ್ಟೆ ಮುಂದೆ ಚಾಚುತ್ತಿದ್ದ, ಬೀಳುತ್ತಿತ್ತು. ಕಲಿಸಿದ್ದು ನನಗೆ. ಗಂಡು ಕೇಳಿದರೆ ಹಸಿವು, ಹೆಣ್ಣು ಕೇಳಿದರೆ ಆಸೆಬುರುಕುತನ. ನನ್ನ ಮೇಲಿನ ಅಕ್ಕರೆಗೇ ಕಲಿಸಿದರು, ಆ ಅಕ್ಕರೆ ಸುಟ್ಟುಹೋಗಲಿ ಎಂದು ನದಿ ದಂಡೆಯಲ್ಲಿ ನಡೆಯುತ್ತ ಅನ್ನಿಸಿತ್ತು.

ಹಾಗೆ ಅನ್ನಿಸಿದ ಮರುಗಳಿಗೆಯಲ್ಲೇ ಇನ್ನೊಂದು ನೆನಪಾಯಿತು. ಪಿಯುಸಿ ಮುಗಿದಾಗ 'ಮುಂದಕ್ಕೆ ಓದ್ತೀಯಾ?' ಎಂದು ಅವ್ವ ಕೇಳಿದ್ದಳು. 'ಬ್ಯಾಡವ್ವ, ಇಲ್ಲೇ ಇರ್ತೀನಿ' ಎಂದಿದ್ದೆ. ಕುರಿರೊಪ್ಪದಲ್ಲಿ ಇನ್ನೊಮ್ಮೆ ಕೇಳಿದಳು, ಬೇಡ ಎಂದೆ. ಮೂರನೆಯ ಸಲ ರಾಟೆ ನಿಲ್ಲಿಸಿ, ನನ್ನ ಗದ್ದ ಹಿಡಿದೆತ್ತಿ, 'ಬಾಯಿ ಬ್ಯಾಡ ಅಂತೈತೆ, ಕಣ್ಣು ಏನಂತೈತೆ' ಎಂದಳು. ಚಿತ್ರದುರ್ಗದ ಹಾಸ್ಟೆಲಿಗೆ ನನ್ನನ್ನು ಕಳಿಸಿದ್ದು ಆ ಮೂರನೆಯ ಪ್ರಶ್ನೆ. ಅದಿಲ್ಲದಿದ್ದರೆ ಬೋರ್ಡೋ ಎಲ್ಲಿ, ವಿಮಾನ ಎಲ್ಲಿ.

ರಜೆಗೆ ಊರಿಗೆ ಹೋದೆ. ಬಾಗೂರಿನ ಚಿಕ್ಕಮ್ಮನ ಮನೆಯಲ್ಲಿ ಎರಡನೆಯ ಮುದ್ದೆ ಬಂದಾಗ, ನಿಜವಾಗಿಯೂ ಹೊಟ್ಟೆ ತುಂಬಿ ಸಾಕು ಎಂದೆ. ಹಾಕಿದಳು. 'ಸಾಕು ಅಂದೆನಲ್ಲ ಚಿಕ್ಕಮ್ಮ' ಎಂದು ದನಿ ಏರಿಸಿಬಿಟ್ಟೆ. ಅವಳು ಸಾರಿನ ಸೌಟು ಹಿಡಿದು ಹಾಗೇ ನಿಂತಳು. 'ಯಾಕವ್ವ, ನಾವು ಬಡಿಸಬಾರದಾ?' ಎಂದು ಒಳಗೆ ಹೋದಳು. ಆ ಮುದ್ದೆಯನ್ನು ನುಂಗಲಾರದೆ ನುಂಗಿದೆ. ಓದೆಟ್ ಅವತ್ತು ಚಟ್ನಿಪುಡಿಗೆ ಮುಖ ಬಿಗಿದದ್ದು ನೆನಪಾಯಿತು.

ಹಟ್ಟಿಯಲ್ಲಿ ಅವ್ವ ಅಂಗಳದಲ್ಲಿ ತುಪ್ಪಟ ಹಿಂಜುತ್ತಿದ್ದಳು.

'ಅವ್ವ, ನನ್ ಜೊತೆ ಬಾ, ಎರಡು ತಿಂಗಳು ಇದ್ದು ಬರುವಂತೆ. ನಿನ್ ನೂಲು ಹಾರಿದ ವಿಮಾನ ತೋರಿಸ್ತೀನಿ. ಪಾಸ್‌ಪೋರ್ಟ್ ಮಾಡ್ಸಾಣ.'

'ಏ ಬ್ಯಾಡ ಬಿಡವ್ವ. ಕುರಿ ಯಾರು ನೋಡ್ತಾರೆ.'

'ಸರಿ' ಎಂದೆ.

ಅವ್ವನ ಕೈ ಒಂದು ಗಳಿಗೆ ನಿಂತು ಮತ್ತೆ ಹಿಂಜತೊಡಗಿತು. ನಾನು ಫೋನು ನೋಡುತ್ತಾ ಒಳಗೆ ಹೋದೆ. ಹೊರಡುವ ದಿನದವರೆಗೂ ಆ ಮಾತು ಮತ್ತೆ ಬರಲಿಲ್ಲ.

ಹೊಸದುರ್ಗದ ಬಸ್‌ಸ್ಟ್ಯಾಂಡಿಗೆ ಅವ್ವ ಮತ್ತು ಅತ್ತಿಗೆ ಮಂಜಮ್ಮ ಬಂದಿದ್ದರು. ಅವ್ವ ಬಾಳೆಹಣ್ಣು ತರಲು ಹೋದಾಗ ಅತ್ತಿಗೆ ನನ್ನ ಮೇಲೆ ತಿರುಗಿಬಿದ್ದಳು.

'ಒಂದೇ ಒಂದ್ಸಲ ಕೇಳಿ ಬಿಟ್ಯಲ್ಲ ಭಾಗ್ಯ. ನನ್ ಮಗಳು ನನ್ನ ಕರ್ಕಂಡು ಹೋಗ್ತಾಳೆ ಅಂತ ಅತ್ತೆ ಹಟ್ಟಿಗೆಲ್ಲ ಹೇಳ್ಕಂಡವ್ರೆ. ಕುರಿ ನಾನು ನೋಡ್ಕಂತೀನಿ ಅಂತ್ಲೂ ಒಪ್ಪಿದ್ದೆ. ಇವತ್ತು ಕೇಳ್ತಾಳೆ, ನಾಳೆ ಕೇಳ್ತಾಳೆ ಅಂತ ಕಾದ್ರು. ಯಾರಾದ್ರೂ ಹಂಗೆ ಒಂದ್ಸಲ ಕೇಳಿ ಸರಿ ಅಂತಾರಾ?'

ಕ್ಲೆಮಾನ್‌ನನ್ನು ಬೈದ ಬೈಗುಳಗಳೆಲ್ಲ ಸಾಲಾಗಿ ಬಂದು ನನ್ನ ಮುಂದೆ ನಿಂತವು. ಅಷ್ಟರಲ್ಲಿ ಕಂಡಕ್ಟರ್ ಸೀಟಿ ಊದಿದ, ಬಸ್ಸು ಹತ್ತಿ ಕೂತೆ. ಅವ್ವ ಬಾಳೆಹಣ್ಣನ್ನು ಕಿಟಕಿಯೊಳಗೆ ತುರುಕಿದಳು.

'ಅವ್ವ, ಬಾ ನನ್ ಜೊತೆ' ಎಂದೆ. ಸಿಟ್ಟಿಗೆ ಅದು ಬೈದ ಹಾಗೆ ಕೇಳಿಸಿತು. ಎಲ್ಲಿಯ ಸಿಟ್ಟು ಎಂದು ಅವಳಿಗೆ ಹೇಗೆ ಗೊತ್ತಾಗಬೇಕು.

'ಬ್ಯಾಡ ಹೋಗವ್ವ, ನಂಗ್ಯಾಕೆ ವಿಮಾನ' ಎಂದಳು. ಬಸ್ಸು ಹೊರಟಿತು.

ಹಿರಿಯೂರಿನಲ್ಲಿ ಬಸ್ಸು ನಿಂತಾಗ ಫೋನ್ ಮಾಡಿ ಮೂರನೆಯ ಸಲ ಕೇಳಿದೆ. ಆ ಕಡೆ ಕುರಿಗಳ ಗಂಟೆಯ ಸದ್ದು ಕೇಳುತ್ತಿತ್ತು. ಅವ್ವ ಕೇಳಿದಳು: 'ಆ ಪಾಸ್‌ಪೋರ್ಟಿಗೆ ಫೋಟೋ ಹಿಡೀತಾರಲ್ಲ, ತಲೆ ಮ್ಯಾಲೆ ಸೆರಗು ಇದ್ರೆ ನಡೀತೈತಾ?'

ಸುತ್ತಲಿನವರು ನೋಡುತ್ತಿದ್ದರೂ ಲೆಕ್ಕಿಸದೆ ಅತ್ತುಬಿಟ್ಟೆ.

ಪಾಸ್‌ಪೋರ್ಟ್ ಕೆಲಸ ಅಣ್ಣ ನೋಡಿಕೊಳ್ಳುತ್ತಿದ್ದಾನೆ. ನಾನು ಓದೆಟ್‌ಗೆ ಹೇಳಿಟ್ಟಿದ್ದೇನೆ, ನಮ್ಮವ್ವ ಬಂದಾಗ ಊಟಕ್ಕೆ ಮೂರು ಸಲ ಕೇಳಬೇಕು ಎಂದು. 'ಅದು ಒರಟುತನ ಅಲ್ಲವೇ?' ಎಂದು ಅವರಿಗೆ ಇನ್ನೂ ಅನುಮಾನ.

ಈ ನಡುವೆ ನಮ್ಮ ತಂಡಕ್ಕೆ ಮತ್ತೆ ಅವಕಾಶ ಬಂತು. ಅದೇ ದುಂಡು ಮೇಜು. ಕ್ಲೆಮಾನ್ ಬಾಯಿ ತೆರೆದು 'ಭಾಗ್ಯ, ಈ ಸಲ' ಎನ್ನುವಷ್ಟರಲ್ಲಿ 'ಹೌದು, ನಾನು ಹಾರುತ್ತೇನೆ' ಎಂದೆ. ಅವನು ತಲೆಯಾಡಿಸಿ ಬರೆದುಕೊಂಡ. ಅಷ್ಟೇ. ಒತ್ತಾಯ ಇಲ್ಲ, ಸಂಭ್ರಮ ಇಲ್ಲ. ನಾನು ಬಯಸಿದ್ದು ಸಿಕ್ಕಿತು, ಆದರೆ ಕರೆಯದ ಮನೆಯಲ್ಲಿ ಪಂಕ್ತಿಗೆ ಕೂತ ಹಾಗೆ ಮೈ ಮುದುಡಿತು. ಇನೆಸ್ ಈ ಸಲ ನೆಲದ ಮೇಲೆ ಇರುತ್ತಾಳೆ. ಅವಳನ್ನೂ ಒಂದೇ ಸಲ ಕೇಳಿದರು, ಬೇಡ ಎಂದಳು. ನಾನೂ ಸುಮ್ಮನಿದ್ದೆ.

ಅವ್ವನಿಗೆ ಫೋನ್ ಮಾಡಿ ತಿಳಿಸಿದೆ.

'ಈ ಸಲ ನಾನೂ ಹತ್ತೀನವ್ವ ವಿಮಾನದಾಗೆ.'

'ಹೌದಾ? ಎಷ್ಟು ಸಲ ಕರೆದ್ರು?'

ಈ ಊರಿನ ಮೇಲೂ ಆ ಊರಿನ ಮೇಲೂ ಒಟ್ಟಿಗೆ ಸಿಟ್ಟು ಬಂತು.

'ಮೂರು ಸಲ ಕರೆದ್ರವ್ವ' ಎಂದೆ.

'ಹಂಗಾದ್ರೆ ಹೋಗು ಮಗ' ಎಂದಳು ಅವ್ವ. 'ಅಷ್ಟು ಕರೆಯೋರ ಮನಸ್ಸು ನೋಯಿಸಬ್ಯಾಡ.'